ಕಡಲಪಾಚಿ ಇಲ್ಲದ ಹುಟ್ಟುಹಬ್ಬ

"ಬೆನ್ನ ಹಿಂದೆ ಏನದು?"

ಹೇರಿಮ್‌ಳ ದನಿಗೆ ಮುನ್‌ಹೋ ಬೆಚ್ಚಿಬಿದ್ದ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಅಡುಗೆಮನೆಗೆ ಎಂದೂ ಕಾಲಿಡದ ಗಂಡ, ಒಲೆಯ ಮುಂದೆ ನಿಂತು ತಾಯಿಯ ಕಿವಿಯಲ್ಲಿ ಏನೋ ಪಿಸುಗುಡುತ್ತಿದ್ದ. ಹೆಂಡತಿಯನ್ನು ಕಂಡದ್ದೇ ಕೈಯಲ್ಲಿದ್ದ ಪೊಟ್ಟಣ ಸರಕ್ಕನೆ ಬೆನ್ನ ಹಿಂದೆ ಹೋಯಿತು.

"ಏ... ಏನಿಲ್ಲ! ನೀನ್ಯಾಕೆ ಇಷ್ಟು ಬೇಗ ಎದ್ದೆ?"

"ನಾನು ದಿನಾ ಏಳೋದೇ ಈ ಹೊತ್ತಿಗೆ."

"ಹೋಗಿ ಮಲಕ್ಕೋ ಕೂಸೇ," ಎಂದರು ಅತ್ತೆ, ತಿರುಗಿಯೂ ನೋಡದೆ. "ಇವತ್ತು ನೀನು ಅಡುಗೆಮನೆಗೆ ಬರೋದು ಬೇಡ."

ಬರೋದು ಬೇಡ...!

ಹೇರಿಮ್ ಮೆಲ್ಲನೆ ಹಿಂದೆ ಸರಿದಳು. ಇವರಿಗೆ ಗೊತ್ತಾಗಿಬಿಟ್ಟಿದೆಯೇ? ಅಥವಾ ಇದು ಬೇರೆಯೇ ಏನೋ?

ಅವಳ ಕುತ್ತಿಗೆಯ ಗಂಟು ತೆಗೆದ ಗಾಯ ಮಾಗಿತ್ತು. ಮನೆಯವರಿಗೆ ಹೇಳಿದ್ದು ಇಷ್ಟೇ: "ಸಣ್ಣ ಗಂಟು, ತೆಗೆದರು, ಮುಗೀತು." ಮುಗಿದಿರಲಿಲ್ಲ. ಅದು ಥೈರಾಯ್ಡ್ ಕ್ಯಾನ್ಸರ್. ಉಳಿದದ್ದನ್ನು ಸುಡಲು ವಿಕಿರಣದ ಅಯೋಡಿನ್ ಗುಳಿಗೆ ನುಂಗಿ, ಕೆಲವು ದಿನ ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಇರಬೇಕು. ಅದಕ್ಕೆ ಮುಂಚೆ ಎರಡು ವಾರ ಊಟದಲ್ಲಿ ಅಯೋಡಿನ್ ಇರಬಾರದು; ಅಂದರೆ ಕಡಲಿನದೇನೂ ನಾಲಗೆಗೆ ತಾಗಕೂಡದು. ಮೀನು, ಕಡಲ ಉಪ್ಪು, ಆ ಉಪ್ಪು ಬಿದ್ದ ಸೋಯಾ ಸಾಸ್, ಮೀನಿನ ರಸ ಬೆರೆತ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ, ಜೊತೆಗೆ ಮೊಟ್ಟೆ, ಎಲ್ಲವೂ ನಿಷಿದ್ಧ. ತಪ್ಪಿದರೆ ಚಿಕಿತ್ಸೆ ಮುಂದಕ್ಕೆ.

ಕಡಲಪಾಚಿ ಬೆಳೆದೇ ಬದುಕುವ ವಾಂಡೊ ದ್ವೀಪದ ಮನೆಗೆ ಸೊಸೆಯಾಗಿ ಬಂದವಳಿಗೆ ಇಂಥ ಪಥ್ಯ!

ಹೊಟ್ಟೆ ಸರಿಯಿಲ್ಲವೆಂದು ನೆಪ ಹೇಳಿ, ಬರೀ ಅನ್ನ, ಬೇಯಿಸಿದ ಆಲೂಗಡ್ಡೆ ತನ್ನ ಕೋಣೆಯಲ್ಲೇ ತಿಂದುಕೊಂಡು ಅವಳು ದಿನ ತಳ್ಳಿದ್ದಳು. ನಾಳೆ ಗ್ವಾಂಗ್ಜು ನಗರದ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಹೇಳಿದ್ದು, ಗೆಳತಿಯ ಮದುವೆ.

ಯಾಕೆ ಮುಚ್ಚಿಟ್ಟಳು? ಅಪ್ಪ ಅಮ್ಮ ಇಲ್ಲದೆ ದೊಡ್ಡಪ್ಪನ ಮನೆಯಲ್ಲಿ ಬೆಳೆದವಳು ಅವಳು. ಅಲ್ಲಿ ಅವಳಿಗೆ ಜ್ವರ ಬಂದರೆ ದೊಡ್ಡಮ್ಮ ನಿಟ್ಟುಸಿರು ಬಿಡುತ್ತಿದ್ದರು. ಜ್ವರಕ್ಕಿಂತ ಆ ನಿಟ್ಟುಸಿರೇ ಸುಡುತ್ತಿತ್ತು. ಅಂಥ ಉಸಿರು ಈ ಮನೆಯಲ್ಲೂ ಕೇಳಿಸಿದರೆ... ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ!

ಆದರೆ ಮೊನ್ನೆಯಿಂದ ಅವಳ ನಿದ್ದೆ ಕೆಡಿಸಿದ್ದು ಕಾಯಿಲೆಯಲ್ಲ. ದೋಣಿ ಕಟ್ಟುವ ಜಾಗದಲ್ಲಿ ಮುನ್‌ಹೋ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: "ಒಂದು ಕೋಣೆ ಸಾಕು. ಹೆಂಡತಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಾಗಬಾರದು."

ಯಾರ ಜೊತೆಗೆ ಆ ಕೋಣೆ?

ಚಿಕಿತ್ಸೆಗೆಂದು ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದರಿಂದ ಮುಖ ಊದಿಕೊಂಡಿತ್ತು, ಬಿಸಿಲಿಗೂ ಬಿಡದ ಚಳಿ ಮೈಯಲ್ಲೇ ಕುಳಿತಿತ್ತು. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಹೇರಿಮ್ ಅಂದುಕೊಂಡಳು: 'ಇಂಥವಳ ಬಳಿ ಯಾರು ತಾನೇ ಉಳಿಯುತ್ತಾರೆ? ಗ್ವಾಂಗ್ಜುವಿಗೆ ಹೋದವಳು ಮತ್ತೆ ಇಲ್ಲಿಗೆ ಬರಬಾರದು. ಅವರು ಹೊರಗೆ ಹಾಕುವ ಮೊದಲು ನಾನೇ ಹೋಗಿಬಿಡಬೇಕು.'

ಇವತ್ತು ಅವಳ ಹುಟ್ಟುಹಬ್ಬ.

ಹುಟ್ಟಿದ ದಿನ ಬೆಳಿಗ್ಗೆ ಕಡಲಪಾಚಿಯ ಸಾರು ಕುಡಿಯದವರು ಆ ಊರಲ್ಲಿ ಯಾರಿದ್ದಾರೆ? ದೊಡ್ಡಮ್ಮ ಕೂಡ ತಪ್ಪಿಸಿರಲಿಲ್ಲ. ಬಟ್ಟಲು ಮುಂದೆ ಬಂದಾಗ ಹೇಗೆ ನಿರಾಕರಿಸುವುದು ಎಂದು ಹೇರಿಮ್ ವಾರದಿಂದ ನೆಪ ಜೋಡಿಸಿಟ್ಟುಕೊಂಡಿದ್ದಳು.

ಅತ್ತೆ ಬಟ್ಟಲು ತಂದಿಟ್ಟರು.

ಮೂಲಂಗಿ, ದನದ ಮಾಂಸದ ತುಣುಕು, ತಿಳಿನೀರು. ಹಸಿರಿನ ಒಂದು ಎಳೆಯೂ ಇಲ್ಲ! ಪಕ್ಕದಲ್ಲಿ ಕಿಮ್ಚಿಯೂ ಇಲ್ಲ. ಹೊರಗೆ ಅಂಗಳದ ತುಂಬ ಪಾಚಿ ಒಣಗುತ್ತಿದೆ. ಅವಳಿಗೆ ಅದರಲ್ಲಿ ಒಂದು ಹಿಡಿ ಹಾಕುವುದೂ ಹೆಚ್ಚಾಯಿತು...

ಕಣ್ಣು ಉರಿಯಿತು. ತಿನ್ನಲಾಗದ ಸಾರು ಬರಲಿಲ್ಲವೆಂದು ಅಳುವುದೇ? ಹುಚ್ಚಿ! ಎಂದು ತನ್ನನ್ನೇ ಬೈದುಕೊಂಡಳು.

ಮಾವ ಎರಡು ಚಮಚ ಕುಡಿದು ಮುಖ ಹಿಂಡಿದರು. "ಇದೇನು ಸಾರೋ, ಪಾತ್ರೆ ತೊಳೆದ ನೀರೋ!"

"ಬಾಯಿ ಮುಚ್ಕೊಂಡು ಕುಡೀರಿ!" ಅತ್ತೆ ಗದರಿದರು.

"ನಾನು ದೋಣಿ ನೋಡ್ಕೊಂಡು ಬರ್ತೀನಿ," ಎಂದು ಮಾವ ಎದ್ದೇ ಹೋದರು.

ಹೇರಿಮ್ ಚಮಚ ಮುಟ್ಟಲಿಲ್ಲ. ಇದರಲ್ಲಿ ಯಾವ ಉಪ್ಪು ಹಾಕಿದ್ದಾರೋ!

"ತಿನ್ನು," ಎಂದರು ಅತ್ತೆ. "ಇದನ್ನ ನೀನು ತಿನ್ನಬಹುದು."

ಆ ಮಾತು ಅವಳ ಕಿವಿಗೆ ಅಪ್ಪಣೆಯಂತೆ ಬಿತ್ತು. ನಿನ್ನ ಯೋಗ್ಯತೆಗೆ ಇಷ್ಟೇ, ಎಂದಂತೆ. ಮುನ್‌ಹೋ ತಲೆ ಎತ್ತಲಿಲ್ಲ. ಬೇಕೆಂದೇ ಅವಳ ಕಣ್ಣು ತಪ್ಪಿಸುತ್ತಿದ್ದ.

"ನನಗೆ ಹಸಿವಿಲ್ಲ!"

ಅವಳು ಎದ್ದು ಹೊರಗೆ ನಡೆದಳು. ನಾಳೆಯವರೆಗೆ ಯಾಕೆ? ಮುಂದಿನ ಬಸ್ಸಿಗೇ ಹೋಗಿಬಿಡುತ್ತೇನೆ!

ಪಾಚಿ ಒಣಗಿಸುವ ಚೌಕಟ್ಟುಗಳ ಹಿಂದೆ ಗರಗರ ಸದ್ದು ಕೇಳಿತು. ಇಣುಕಿದಳು. ದೋಣಿ ನೋಡಲು ಹೋದ ಮಾವ ಮೊಣಕಾಲೂರಿ ಕುಳಿತು, ಒಣಪಾಚಿಯ ಹಾಳೆಗಳನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು!

"ಮಾವ?!"

ಮಾವನ ಕೆನ್ನೆಗಳು ಉಬ್ಬಿಕೊಂಡೇ ನಿಂತವು. "ಅಯ್ಯೋ... ನಿಮ್ಮತ್ತೆಗೆ ಹೇಳಬೇಡ ಕೂಸೇ! ಕೊಂದೇ ಹಾಕ್ತಾಳೆ!"

"ಇದು ನಿಮ್ಮದೇ ಪಾಚಿ. ಕದ್ದು ಯಾಕೆ ತಿಂತಿದೀರಿ?"

"ಮತ್ತೇನು ಮಾಡಲಿ? ವಾರದಿಂದ ನಮಗೂ ಮೀನಿಲ್ಲ, ಪಾಚಿಯಿಲ್ಲ, ಕಿಮ್ಚಿಯಿಲ್ಲ! ಕಿಮ್ಚಿ ಗುಡಾಣಕ್ಕೆ ಬೀಗ! ಬಾಯಿಗೆ ಬರೀ ಅಯೋಡಿನ್ ಇಲ್ಲದ ಆ ಕಾರ್ಖಾನೆ ಉಪ್ಪು. ಒಳಗೆ ಸೊಸೆ ಆಲೂಗಡ್ಡೆ ತಿಂತಿರುವಾಗ ನಾವು ಮೀನು ಸುಟ್ಟು ವಾಸನೆ ಎಬ್ಬಿಸಬೇಕಾ ಅಂತಾಳೆ. ನಿನಗೆ ಆ ಗುಳಿಗೆ ಕೊಡೋ ತನಕ..."

ಮಾವ ತಟ್ಟನೆ ಬಾಯಿ ಮುಚ್ಚಿದರು. ತಡವಾಗಿತ್ತು.

ಹೇರಿಮ್ ಚೌಕಟ್ಟನ್ನು ಹಿಡಿದುಕೊಂಡಳು. "ನಿಮಗೆ... ಎಲ್ಲ ಗೊತ್ತಾ?"

"ನಮ್ಮಕ್ಕನಿಗೂ ಇದೇ ಆಗಿತ್ತು ಕಣೇ."

ಹಿಂದಿನಿಂದ ಬಂದ ದನಿ ಅತ್ತೆಯದು. ಕೈಯಲ್ಲಿ ಅದೇ ಬಟ್ಟಲು, ಹಿಂದೆ ಮುನ್‌ಹೋ. "ಕುತ್ತಿಗೆ ಮೇಲೆ ಗಾಯ. ಪಾಚಿ ಬೇಡ, ಮೀನು ಬೇಡ, ಮೊಟ್ಟೆ ಬೇಡ ಅನ್ನೋ ಸೊಸೆ. ನನಗೆ ಅರ್ಥ ಆಗಲ್ವಾ? ಕೇಳಿದ್ರೆ ನೀನು ಓಡಿಹೋಗ್ತೀಯ ಅಂತ ಸುಮ್ಮನಿದ್ದೆ. ಕೇಳದೇ ಇದ್ರೂ ಓಡ್ತಿದ್ದೀಯಲ್ಲ! ಹುಟ್ಟುಹಬ್ಬದ ದಿನ ಪಾಚಿ ಸಾರು ಮಾಡದೆ ನನಗೆಷ್ಟು ಸಂಕಟ ಆಯ್ತು, ಗೊತ್ತಾ? ಇವನು ಗ್ವಾಂಗ್ಜುವಿಂದ ತರಿಸಿದ ಉಪ್ಪು ಹಾಕಿದೀನಿ. ಆರಿಹೋಗ್ತಿದೆ, ಕುಡಿ!"

ಹೇರಿಮ್ ಅಲ್ಲೇ ನೆಲದ ಮೇಲೆ ಕುಳಿತು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಸಪ್ಪೆಯೋ ಸಪ್ಪೆ! ಅಳುತ್ತಲೇ ಬರಿದು ಮಾಡಿದಳು. ಮಾವನ ಮೂತಿಗೆ ಅಂಟಿದ ಪಾಚಿಯ ಚೂರು ನೋಡಿದ ಅತ್ತೆ, ಕಿವಿ ಹಿಡಿಯುವುದೊಂದೇ ಬಾಕಿ ಎನ್ನುವಂತೆ ಅವರನ್ನು ಒಳಗೆ ಎಳೆದುಕೊಂಡು ಹೋದರು.

ಗಂಡ ಹೆಂಡತಿ ಇಬ್ಬರೇ ಉಳಿದರು.

"ಗೆಳತಿ ಮದುವೆಯಂತೆ!" ಮುನ್‌ಹೋನ ದನಿ ಒಡೆದಿತ್ತು. "ಅವಳ ಮದುವೆ ಹೋದ ವರ್ಷವೇ ಆಯ್ತಲ್ಲ. ಉಡುಗೊರೆ ಕೊಟ್ಟವನು ನಾನೇ! ಸುಳ್ಳಾದ್ರೂ ಸರಿಯಾಗಿ ಹೇಳಬಾರದಾ?"

"ನೀವು ಮಾತ್ರ ಸತ್ಯ ಹೇಳಿದ್ರಾ? ಆ ಕೋಣೆ ಯಾರಿಗೆ?"

"ಯಾವ ಕೋಣೆ?"

"'ಹೆಂಡತಿಗೆ ಗೊತ್ತಾಗಬಾರದು' ಅಂದ್ರಲ್ಲ. ನಾನು ಕೇಳಿಸಿಕೊಂಡೆ."

ಅವನು ಕಣ್ಣರಳಿಸಿದ. ನಗುವುದೋ ಅಳುವುದೋ ತಿಳಿಯದೆ ಅವಳ ಎದುರು ಕುಕ್ಕರಗಾಲಲ್ಲಿ ಕುಳಿತ. "ನನಗೆ ಕಣೇ! ನಿನ್ನ ಗಂಟು ತೆಗೆದ ಆಸ್ಪತ್ರೆ ಎದುರಿನ ಲಾಡ್ಜಲ್ಲಿ. ನಿನ್ನ ಕೋಣೆಯೊಳಗೆ ಯಾರನ್ನೂ ಬಿಡಲ್ಲವಂತೆ. ಹೊರಗಾದ್ರೂ ಇರೋಣ ಅಂತ."

"ಹೊರಗಿದ್ದು ಏನು ಮಾಡ್ತೀರಿ?"

"ಏನೂ ಮಾಡಲ್ಲ. ಇರ್ತೀನಿ."

ಕಡಲ ಗಾಳಿಗೆ ಅವಳ ಹಲ್ಲು ಕಟಕಟ ಅಂದಿತು. ಅವನು ಜಾಕೆಟ್ ಬಿಚ್ಚಿ ಅವಳಿಗೆ ಹೊದಿಸಿದ. ಬೇಡ ಎನ್ನುವ ಮಾತು ಅಭ್ಯಾಸದಂತೆ ತುಟಿಯವರೆಗೆ ಬಂತು... ಹೇರಿಮ್ ಅದನ್ನು ನುಂಗಿಕೊಂಡಳು.

"ರೀ... ನನಗೆ ತುಂಬ ಭಯ ಆಗ್ತಿದೆ."

"ನನಗೂ."

"ಗುಳಿಗೆ ನುಂಗಿದ ಮೇಲೆ ಎಷ್ಟೋ ದಿನ ನೀವು ನನ್ನ ಹತ್ತಿರ ಬರೋ ಹಾಗಿಲ್ಲ."

"ದೂರ ಕೂತ್ಕೋತೀನಿ. ಕೂಗಿದ್ರೆ ಕೇಳಿಸೋಷ್ಟು ದೂರ."

ಅವಳು ಅವನ ಒರಟು ಅಂಗೈಯನ್ನು ತಾನೇ ಎಳೆದುಕೊಂಡು ಕೆನ್ನೆಗೆ ಒತ್ತಿಕೊಂಡಳು.

"ನನ್ನ ಜೊತೆ ಬನ್ನಿ."

"ಹೇಳ್ತಾ ಇದೀಯಾ, ಕೇಳ್ತಾ ಇದೀಯಾ?"

ಹುಟ್ಟಿದಾಗಿನಿಂದ ಯಾರಲ್ಲೂ ಏನನ್ನೂ ಕೇಳದ ಹುಡುಗಿ ಕಣ್ಣು ಮುಚ್ಚಿಕೊಂಡಳು.

"ಕೇಳ್ತಾ ಇದೀನಿ."