ಬೀಗಕ್ಕೆ ಹಾಕಿದ ಗಾಳ

ಸಭಾಕೋಣೆಯ ಬಾಗಿಲು ತೆರೆದವನನ್ನು ಕಂಡು ಅವಳ ಪೆನ್ನು ಅರ್ಧ ಅಕ್ಷರಕ್ಕೇ ನಿಂತಿತು.

ಅವನೇ!

ಸೇನೆಯ ಸೈಬರ್ ಘಟಕದಲ್ಲಿ ಅವಳ ಪಕ್ಕದ ಮೇಜಿನವನು... ಅವಳ ಮಾನವನ್ನು ಮೂರು ಕಾಸಿಗೆ ಹರಾಜು ಹಾಕಿದವನು.

ಈಗ ಅವಳು ಸರ್ಕಾರದ ಸೈಬರ್ ತಪಾಸಣಾಧಿಕಾರಿ. ಅವನು ಸೇನೆ ಬಿಟ್ಟು, ಸಣ್ಣ ಆಸ್ಪತ್ರೆಗಳ ಕಂಪ್ಯೂಟರುಗಳನ್ನು ಸಂಬಳವಿಲ್ಲದೆ ಕಾಯುವ ಸ್ವಯಂಸೇವಕ ತಂಡದ ಮುಖ್ಯಸ್ಥ. ಆ ತಂಡವನ್ನು ಪರೀಕ್ಷಿಸಲೆಂದೇ ಅವಳು ಬಂದಿದ್ದಳು.

"ಚೆನ್ನಾಗಿದೀಯಾ, ಬೀಗ?"

"ಮೇಡಂ ಅನ್ನಿ."

ಬೀಗ... ಯಾವ ಮೋಸದ ಸಂದೇಶಕ್ಕೂ ಬಗ್ಗದವಳೆಂದು ಘಟಕ ಇಟ್ಟಿದ್ದ ಹೆಸರು. ಅಂಥವಳಿಗೆ ಅಲ್ಲಿದ್ದಾಗ ಒಂದು ದಿನ ಅವನ ಹೆಸರಿನಿಂದ ಮೇಲ್ ಬಂದಿತ್ತು: 'ಎದುರಿಗೆ ಹೇಳಲು ಧೈರ್ಯ ಸಾಲದ ಮಾತೊಂದು ಇಲ್ಲಿದೆ. ತೆರೆದು ನೋಡು.'

ಅವಳು ಲಿಂಕ್ ಒತ್ತಿದ್ದಳು. ಅದು ಯಾರು ಮೋಸಹೋಗುವರೆಂದು ನೋಡಲು ಮೇಲಧಿಕಾರಿ ಅವನಿಂದಲೇ ಬರೆಸಿದ್ದ ಪರೀಕ್ಷೆ. ದೊಡ್ಡ ಪರದೆಯ ಮೇಲೆ ಅವಳೊಬ್ಬಳದೇ ಹೆಸರು. ಬೀಗಕ್ಕೆ ಕೀಲಿ ಸಿಕ್ಕಿತೆಂದು ಎಲ್ಲರೂ ನಕ್ಕರು. ಅವನು ತಲೆ ತಗ್ಗಿಸಿ ಕುಳಿತನೇ ಹೊರತು ತುಟಿ ಬಿಚ್ಚಲಿಲ್ಲ.

'ಆ ಮೌನವನ್ನು ಬಡ್ಡಿಸಮೇತ ಹಿಂದಿರುಗಿಸುತ್ತೇನೆ...' ಎಂದುಕೊಂಡಳು, ಈಗ ಎದುರಿಗೆ ನಿಂತವನನ್ನು ನೋಡುತ್ತಾ.

ಮರುದಿನ ಬೆಳಿಗ್ಗೆ ತಂಡದ ಎಲ್ಲರಿಗೂ ಪರೀಕ್ಷೆಯ ಮೇಲ್ ಹೋಯಿತು. ಅವನಿಗೆ ಮಾತ್ರ ಅವಳ ಹೆಸರಿನಲ್ಲಿ, ಅದೇ ಹಳೆಯ ಸಾಲು. ಅವಳು ಹಾಕಿದ ನಿಯಮದಂತೆ ಮೋಸಹೋದವರು ಎಲ್ಲರೆದುರು ಎದ್ದು ನಿಲ್ಲಬೇಕು, ಹೊಸಬರೊಂದಿಗೆ ತರಗತಿಯಲ್ಲಿ ಕೂರಬೇಕು. ಮುಖ್ಯಸ್ಥನಾದರೂ ಸರಿಯೇ.

ಮಧ್ಯಾಹ್ನ ಪರದೆಯ ಮೇಲೆ ಮೂಡಿದ್ದು ಅವನೊಬ್ಬನ ಹೆಸರು.

"ಬಾಸ್, ನೀವಾ?" ಎಂದು ಯಾರೋ ಕಿಸಕ್ಕನೆ ನಕ್ಕರು.

ಅವನು ಎದ್ದು ನಿಂತ. ನೆಪ ಹೇಳಲಿಲ್ಲ. ಹಿಂದೆ ಇಂಥದೇ ಕೋಣೆಯಲ್ಲಿ ತಾನು ಬರೆದ ಸಾಲಿನಿಂದ ಒಬ್ಬಳು ಅವಮಾನ ನುಂಗಿದಳೆಂದೂ, ಅಂದೇ ಎದ್ದು ನಿಲ್ಲಬೇಕಾಗಿದ್ದವನು ತಾನೆಂದೂ ಹೇಳಿದ. ನಗು ಅಡಗಿತು.

ಗೆದ್ದವಳೇ ಕೈ ಚಾಚಿ ಪರದೆಯನ್ನು ಆರಿಸಿಬಿಟ್ಟಳು.

ಎಲ್ಲರೂ ಹೋದ ಮೇಲೆ ಕೇಳಿದಳು. "ಪರೀಕ್ಷೆ ಅಂತ ಗೊತ್ತಿತ್ತಲ್ಲ. ಯಾಕೆ ಒತ್ತಿದೆ?"

"ನೂರಕ್ಕೆ ತೊಂಬತ್ತೊಂಬತ್ತು ಗೊತ್ತಿತ್ತು. ಉಳಿದ ಆ ಒಂದಕ್ಕೆ ಒತ್ತಿದೆ."

ಅವಳು ಕಿಟಕಿಯತ್ತ ತಿರುಗಿದಳು. "ಆವತ್ತು ನಾನೂ ಅದಕ್ಕೇ ಒತ್ತಿದ್ದು."

"ನೀನು ಒತ್ತಲ್ಲ ಅಂದ್ಕೊಂಡಿದ್ದೆ... ಆದ್ರೆ ಆ ಸಾಲು ಸುಳ್ಳಲ್ಲ."

"ಹಾಗಾದ್ರೆ ಬಾಯಿಬಿಟ್ಟು ಹೇಳು. ಮೇಲ್ ನಂಬೋದು ಬಿಟ್ಟಿದೀನಿ."

ಅವನು ಕಿವಿಯವರೆಗೂ ಕೆಂಪಾದ. "ನೀನಿಲ್ದೆ ನಂಗೆ ಆಗಲ್ಲ, ಬೀಗ."

ಈ ಸಲ ಅವಳು ಆ ಹೆಸರನ್ನು ತಿದ್ದಲಿಲ್ಲ. ಕಣ್ಣೊರೆಸಿಕೊಂಡು, "ತರಗತಿಗೆ ಮಾತ್ರ ವಿನಾಯಿತಿ ಇಲ್ಲ," ಎಂದಳು.

"ಪಾಠ ಯಾರು ಮಾಡ್ತಾರೆ?"

"ನಾನೇ. ಮುಂದಿನ ಬೆಂಚಲ್ಲೇ ಕೂರಬೇಕು."