ಕಿಂಡಿಯ ಪಕ್ಕದ ಪುಟ್ಟ ಚಕ್ರ

ಹೊಸ ಕ್ಯಾಮೆರಾ ಬಂದ ಮರುದಿನವೇ ಕೆಟ್ಟುಹೋಯಿತು. ಕೆಡಿಸಿದವನು ಬಡಗಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಬೀಳಿಸಿದ್ರಾ?" ಅಂದೆ.

"ಇಲ್ಲ."

"ಮತ್ಯಾಕೆ ಕಿಂಡೀಲಿ ಎಲ್ಲ ಮಸಕು ಮಸಕು? ನಿನ್ನೆ ಎಷ್ಟು ಚೆನ್ನಾಗಿ ಕಾಣ್ತಿತ್ತು!"

ಅವನು ಕ್ಯಾಮೆರಾ ಇಸಿದುಕೊಂಡು ಕಿಂಡಿಗೆ ಕಣ್ಣಿಟ್ಟು ನನ್ನ ಕಡೆ ತಿರುಗಿಸಿದ. "ನಂಗೆ ಸರಿಯಾಗೇ ಕಾಣ್ತಿದೆಯಲ್ಲ. ನೀವು ಹುಬ್ಬು ಗಂಟು ಹಾಕ್ಕೊಂಡಿರೋದೂ ಕಾಣ್ತಿದೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಕರೆಯುವ ಕಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಾವು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಹಳೇ ಕುರ್ಚಿಗಳನ್ನು ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿ ನನ್ನ ಚಿಕ್ಕಮ್ಮನದು. ನಾನು ಅಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುವವಳು. ಮುಚ್ಚಿಹೋದ ಹೋಟೆಲೊಂದರ ಕುರ್ಚಿಗಳನ್ನೆಲ್ಲ ಚಿಕ್ಕಮ್ಮ ಒಂದೇ ಏಟಿಗೆ ಕೊಂಡಿದ್ದಳು. ಅವುಗಳ ಮುರಿದ ಕೈಕಾಲು ಕೂರಿಸಲು ಈ ಬಡಗಿಯನ್ನು ಕರೆಸಿದ್ದಳು. ಕೊನೆಯ ಕುರ್ಚಿಯ ಫೋಟೊ ವೆಬ್‌ಸೈಟಿಗೆ ಹೋದ ದಿನ ಅವನ ಕೆಲಸ ಮುಗಿಯುತ್ತದೆ. ಆಮೇಲೆ ದೂರದಲ್ಲೆಲ್ಲೋ ಸಮುದ್ರದ ದಂಡೆಯ ದೋಣಿ ಕಾರ್ಖಾನೆಯಲ್ಲಿ ಅವನಿಗೆ ಜಾಗ ಕಾದಿತ್ತು. ಅವನು ಹೋಗಬಾರದು ಅಂತ ನನಗೆ ಮೊದಲ ವಾರದಿಂದಲೇ ಅನ್ನಿಸಿತ್ತು. ಅದನ್ನು ಹೇಳುವ ಬದಲು ಜಗಳ ಆಡುತ್ತಿದ್ದೆ.

ಕ್ಯಾಮೆರಾ ಕೊಂಡಿದ್ದೂ ಈ ಕುರ್ಚಿಗಳಿಗಾಗಿಯೇ. ಮೊಬೈಲ್ ಫೋಟೊದಲ್ಲಿ ಕಂದು ಮರ ಕಿತ್ತಳೆ ಬಣ್ಣಕ್ಕೆ ಕಾಣುತ್ತಿತ್ತು. ಕೊಂಡವರು "ಇದು ಅದಲ್ಲ" ಅಂತ ವಾಪಸು ಕಳಿಸುತ್ತಿದ್ದರು. ಕೊನೆಗೆ ಚಿಕ್ಕಮ್ಮ ಮನಸ್ಸು ಗಟ್ಟಿಮಾಡಿ ನನ್ನನ್ನು ಕರೆದುಕೊಂಡು ಹೋಗಿ ಡಿಜಿಟಲ್ ಎಸ್‌ಎಲ್‌ಆರ್ ತೆಗೆದುಕೊಂಡಳು. ಆ ಕ್ಯಾಮೆರಾ ಅಂಗಡಿಯಲ್ಲಿ ಕನ್ನಡಕ ಕಿಂಡಿಗೆ ಬಡಿಯುತ್ತದೆಂದು ಅದನ್ನು ತಲೆಯ ಮೇಲಕ್ಕೇರಿಸಿ ನೋಡಿದೆ. ಸೇಲ್ಸ್‌ಮನ್ "ಒಂದ್ನಿಮಿಷ ಮೇಡಂ" ಅಂತ ಏನೋ ಮಾಡಿದ. ಕನ್ನಡಕವಿಲ್ಲದೆಯೂ ಬೀದಿಯಾಚೆಯ ಬೋರ್ಡಿನ ಅಕ್ಷರಗಳು ಎದ್ದು ಕಂಡವು. ಬಟನ್ ಒತ್ತಿದರೆ ಟಪಕ್ ಅಂತ ಗಟ್ಟಿಯಾದ ಸದ್ದು. ಇದೇ ಬೇಕು ಅಂದುಬಿಟ್ಟೆ.

ಅಂಥ ಕ್ಯಾಮೆರಾವನ್ನು ಒಂದೇ ದಿನಕ್ಕೆ ಇವನು ಹಾಳು ಮಾಡಿದರೆ ಬಿಡಲಾದೀತೇ? ಅವನನ್ನೂ ಎಳೆದುಕೊಂಡು ಆ ಅಂಗಡಿಗೇ ಹೋದೆ.

ಸೇಲ್ಸ್‌ಮನ್ ಕಿಂಡಿಯ ಪಕ್ಕದ ಕಡಲೆಕಾಳಿನಷ್ಟು ಚಕ್ರವೊಂದನ್ನು ತೋರಿಸಿದ. "ಏನೂ ಆಗಿಲ್ಲ ಮೇಡಂ. ನೋಡೋರ ಕಣ್ಣಿಗೆ ತಕ್ಕ ಹಾಗೆ ಇದನ್ನ ತಿರುಗಿಸ್ಕೋಬೇಕು. ನಿನ್ನೆ ನಿಮ್ಮ ಕಣ್ಣಿಗಿಟ್ಟಿದ್ದೆ, ಇವರು ತಮ್ಮ ಕಣ್ಣಿಗೆ ತಿರುಗಿಸ್ಕೊಂಡಿದಾರೆ. ಫೋಟೊಗೂ ಇದಕ್ಕೂ ಸಂಬಂಧ ಇಲ್ಲ. ಗಂಡ ಹೆಂಡ್ತಿ ಒಂದೇ ಕ್ಯಾಮೆರಾ ಇಟ್ಕೊಂಡ್ರೆ ದಿನಾ ಇದೇ ಜಗಳ."

"ನಾವು ಗಂಡ ಹೆಂಡ್ತಿ ಅಲ್ಲ," ಅಂದೆ. ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅಂದಿದ್ದೆ. ಬಡಗಿ ಪಕ್ಕದಲ್ಲಿದ್ದ ಸ್ಟ್ಯಾಂಡಿನ ಕಾಲುಗಳನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ. ನಾನು ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಬರುವಾಗ ಬೀದಿಯಲ್ಲಿ ಅವನು ತನ್ನಷ್ಟಕ್ಕೆ ಗೊಣಗಿದ. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ."

"ಏನಂದ್ರಿ?"

"ಟ್ರಾಫಿಕ್ ಜಾಸ್ತಿ ಅಂದೆ."

ಕಿಟಕಿಯ ಪಕ್ಕ ಬಿಳಿ ಬಟ್ಟೆ ಇಳಿಬಿಟ್ಟು ಫೋಟೊ ತೆಗೆಯಲು ಕಲಿತೆವು. ಮೊದಮೊದಲು ಕುರ್ಚಿಗಳಿಗೆ ಕಾಲೇ ಇರುತ್ತಿರಲಿಲ್ಲ, ಇಲ್ಲವೇ ಚಿಕ್ಕಮ್ಮನ ಸೆರಗು ಮೂಲೆಯಲ್ಲಿ ಬರುತ್ತಿತ್ತು. ನಿಧಾನಕ್ಕೆ ಮರ ಮರದ ಬಣ್ಣಕ್ಕೆ ಬಂತು. ನಾನು ಹೆಣೆದ ಬೆತ್ತದ ಒಂದೊಂದು ಕಣ್ಣೂ ಎಣಿಸುವ ಹಾಗೆ ಮೂಡಿದ ಮೊದಲ ಫೋಟೊವನ್ನು ಅವನು ನನಗಿಂತ ಹೆಚ್ಚು ಹೊತ್ತು ನೋಡಿದ.

"ಕೈ ಚೆನ್ನಾಗಿದೆ," ಅಂದ. "ಬಾಯಿ ಬಗ್ಗೆ ಏನೂ ಹೇಳಲ್ಲ."

ಜಗಳ ಮಾತ್ರ ತಪ್ಪಲಿಲ್ಲ. ನಾನು ಎತ್ತಿಕೊಂಡರೆ ಚಕ್ರ ಅವನ ಕಣ್ಣಿಗಿರುತ್ತಿತ್ತು, ಅವನು ಎತ್ತಿಕೊಂಡರೆ ನನ್ನ ಕಣ್ಣಿಗೆ. "ಮುಟ್ಟಿದ್ಯಾರು?" ಅಂತ ನಾನು ಕೂಗುವುದು, "ಗಾಳಿಗೆ ತಿರುಗಿರಬೇಕು" ಅಂತ ಅವನು ಅನ್ನುವುದು.

ಆಮೇಲೊಂದು ದಿನ ಜಗಳ ನಿಂತುಹೋಯಿತು. ಯಾವಾಗ ಎತ್ತಿಕೊಂಡರೂ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಂದರೆ ಅವನು ಕ್ಯಾಮೆರಾ ಮುಟ್ಟುವುದನ್ನೇ ಬಿಟ್ಟಿದ್ದಾನೆ, ಮನಸ್ಸು ಆಗಲೇ ದೋಣಿ ಕಾರ್ಖಾನೆ ಸೇರಿದೆ ಅಂದುಕೊಂಡೆ. ಜಗಳವೂ ಇಲ್ಲದ ಮೇಲೆ ನಮ್ಮ ನಡುವೆ ಇನ್ನೇನಿದೆ? ಉಳಿದಿದ್ದ ನಾಲ್ಕಾರು ಕುರ್ಚಿಗಳನ್ನು ಹೆಣೆಯುವುದು, ಸರಿಯಿಲ್ಲ ಅಂತ ಬಿಚ್ಚುವುದು, ಮತ್ತೆ ಹೆಣೆಯುವುದು.

"ಬಿಚ್ಚಿ ಬಿಚ್ಚಿ ಹೆಣೆಯೋಕೆ ಬೆತ್ತ ಏನು ಪುಕ್ಕಟೆ ಬರುತ್ತೇನೇ?" ಅಂತ ಚಿಕ್ಕಮ್ಮ ಗದರಿದಳು. ಎಷ್ಟು ಬಿಚ್ಚಿದರೂ ಕೊನೆಯ ಕುರ್ಚಿ ಒಂದು ಮಧ್ಯಾಹ್ನ ಮುಗಿದೇ ಹೋಯಿತು.

ಅದನ್ನು ಬಿಳಿ ಬಟ್ಟೆಯ ಮುಂದಿಟ್ಟು ನೀರು ಕುಡಿಯಲು ಹೋದೆ. ಬಂದು ನೋಡಿದರೆ ಬಡಗಿ ಮಂಡಿಯೂರಿ ಕಿಂಡಿಗೆ ಕಣ್ಣಿಟ್ಟಿದ್ದಾನೆ. ಒಂದು ಫೋಟೊ ತೆಗೆದು, "ಕುರ್ಚಿ ಸ್ವಲ್ಪ ಓರೆಯಾಗಿದೆ, ಇದನ್ನ ಹಿಡ್ಕೊಳ್ಳಿ" ಅಂತ ಕ್ಯಾಮೆರಾ ನನ್ನ ಕೈಗಿತ್ತ. ಅಭ್ಯಾಸ ಬಲ, ಕನ್ನಡಕ ಮೇಲೇರಿಸಿ ನೋಡಿದೆ.

ಬೆತ್ತದ ಒಂದೊಂದು ಎಳೆಯೂ ಸ್ಪಷ್ಟವಾಗಿ ಕಂಡಿತು.

"ಇದರಲ್ಲಿ ಈಗ ನಿಮಗೇನು ಕಾಣ್ತಿತ್ತು?" ಅಂದೆ.

"ಕುರ್ಚಿ."

"ಸುಳ್ಳು."

"ಕುರ್ಚಿ ಥರದ್ದೊಂದು."

"ಇಷ್ಟು ದಿನವೂ ಹೀಗೇ ತೆಗೀತಿದ್ರಾ? ಏನೂ ಕಾಣದೆ?"

"ಫೋಕಸ್ ಅದೇ ಮಾಡ್ಕೊಳ್ಳುತ್ತಲ್ಲ. ನಾನು ಅಂದಾಜಿಗೆ ಹಿಡೀತೀನಿ."

"ಯಾಕೆ?"

ಅವನು ಕುರ್ಚಿಯ ಬೆನ್ನು ಒರೆಸತೊಡಗಿದ. ಒರೆಸುವಂಥ ಧೂಳೇನೂ ಇರಲಿಲ್ಲ. "ಎತ್ತಿದ ತಕ್ಷಣ ಸರಿಯಾಗಿ ಕಂಡ್ರೆ ನಿಮ್ಮ ಮುಖ ಒಂಥರಾ ಆಗುತ್ತೆ. ಹುಬ್ಬಿನ ಗಂಟೆಲ್ಲ ಬಿಚ್ಚಿ... ಅದನ್ನ ನೋಡೋಕೆ ನಂಗೆ ಕ್ಯಾಮೆರಾ ಬೇಕಾಗಿಲ್ಲ."

ಕನ್ನಡಕ ಇಳಿಸಿಕೊಂಡು ಕ್ಯಾಮೆರಾವನ್ನು ಅವನ ಕೈಗಿತ್ತೆ. "ನನ್ನ ನೋಡಿ. ಸರಿಯಾದಾಗ ಹೇಳಿ," ಅಂದು ಚಕ್ರ ತಿರುಗಿಸಲು ಶುರುಮಾಡಿದೆ. ನನ್ನ ಬೆರಳು ಅವನ ಹುಬ್ಬಿಗೆ ತಾಗುತ್ತಿತ್ತು. ಹುಬ್ಬಿನ ಮೇಲೆ ಮರದ ಹುಡಿಯಿತ್ತು.

"ಈಗ?"

"ಮಸಕು."

"ಈಗ?"

"ಇನ್ನೂ ಸ್ವಲ್ಪ... ಹಾಂ. ಈಗ ಸರಿ."

"ಹೋಗ್ಬೇಡ," ಅಂದೆ.

ಅವನು ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. "ಏನಂದ್ರಿ?"

"ಟ್ರಾಫಿಕ್ ಜಾಸ್ತಿ ಅಂದೆ."

ಕ್ಯಾಮೆರಾದ ಕೆಳಗೆ ಅವನ ತುಟಿಯಂಚು ನಗುವುದು ಕಂಡಿತು. ಬಂದದ್ದು ಬರಲಿ ಅಂತ ಮತ್ತೆ ಹೇಳಿದೆ. "ಹೋಗ್ಬೇಡ ಅಂದೆ. ಇಲ್ಲೇ ಇರು. ನನ್ನ ಜೊತೆ."

ಟಪಕ್.

ಅವನು ಕ್ಯಾಮೆರಾವನ್ನು ನನ್ನ ಕೈಗಿಟ್ಟು, ಮೊಬೈಲ್ ತೆಗೆದು ಅಲ್ಲೇ ಫೋನ್ ಮಾಡಿದ. "ಸಾರ್, ದೋಣಿ ಕೆಲಸಕ್ಕೆ ನಾನು ಬರಲ್ಲ. ಇಲ್ಲ ಸಾರ್, ಸಂಬಳದ ವಿಷಯ ಅಲ್ಲ. ಇಲ್ಲೊಂದು ಕುರ್ಚಿ ಇನ್ನೂ ಓರೆ ಇದೆ."

"ಯಾವ ಕುರ್ಚಿ ಓರೆ?" ಅಂತ ಒಳಗಿನಿಂದ ಬಂದ ಚಿಕ್ಕಮ್ಮ ಕ್ಯಾಮೆರಾ ಕಿತ್ತುಕೊಂಡು ಕಿಂಡಿಗೆ ಕಣ್ಣಿಟ್ಟಳು. "ಅಯ್ಯೋ, ಏನೂ ಕಾಣ್ತಿಲ್ಲವಲ್ಲೇ! ನಿಮ್ಮಿಬ್ಬರ ಕಾಟ ಸಾಕಾಯ್ತು. ಇನ್ನೊಂದು ಕ್ಯಾಮೆರಾ ತಗೊಂಡ್ಬಿಡೋಣ, ಆಳಿಗೊಂದು."

"ಬೇಡ!" ಅಂದೆವು ಇಬ್ಬರೂ ಒಟ್ಟಿಗೆ.

ಚಿಕ್ಕಮ್ಮ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. "ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಕೇಡು," ಅಂದು ಕ್ಯಾಮೆರಾವನ್ನು ನನಗೆ ಕೊಟ್ಟಳು. "ಬೇಗ ಫೋಟೊ ತೆಗಿ, ಬೆಳಕು ಹೋಗುತ್ತೆ."

ಕನ್ನಡಕ ಮೇಲೇರಿಸಿ ಕಿಂಡಿಗೆ ಕಣ್ಣಿಟ್ಟೆ. ಎಲ್ಲ ಮಸಕಾಗಿತ್ತು, ಕುರ್ಚಿ ಥರದ್ದೊಂದು, ಪಕ್ಕದಲ್ಲಿ ಅವನ ಥರದ್ದೊಂದು. ಚಕ್ರ ಮುಟ್ಟದೆ ಬಟನ್ ಒತ್ತಿದೆ.