ಹೊಲಿಗೆ ಕಾಣದ ಕೋಟು

ಸ್ಕಾರ್‌ಬೆಕ್ ಹಾಳುಮಠದ ಗೇಟಿಗೆ ಬೀಗ ಹಾಕುವ ಮುಂಚೆ ಕಾವಲುಗಾರ ಕ್ಲೈವ್ ಒಂದು ಸುತ್ತು ಬರುತ್ತಾನೆ. ಮರೆತ ಛತ್ರಿ, ಒಂಟಿ ಕೈಗವಸು, ಒಂದು ಸಲ ಯಾರದೋ ಹಲ್ಲಿನ ಸೆಟ್ಟು, ಹೀಗೆ ಏನಾದರೂ ಸಿಗುತ್ತದೆ. ಅಕ್ಟೋಬರಿನ ಆ ಶನಿವಾರ ಸಂಜೆ ಒಬ್ಬ ಮನುಷ್ಯನೇ ಸಿಕ್ಕಿದ.

ಹಿಂದಿನ ಕಾಲದ ಸನ್ಯಾಸಿಗಳು ಬೆಂಕಿ ಹಾಕಿಕೊಂಡು ಚಳಿ ಕಾಯಿಸುತ್ತಿದ್ದ ಕೋಣೆ ಅದು. ಇಡೀ ಮಠದಲ್ಲಿ ಚಾವಣಿ ಉಳಿದಿರುವುದು ಅಲ್ಲಿ ಮಾತ್ರ. ಕಲ್ಲುಬೆಂಚಿನ ತುದಿಯಲ್ಲಿ ಎಂಬತ್ತರ ಆಸುಪಾಸಿನ ಮುದುಕ ಕೂತಿದ್ದ. ಒಳ್ಳೆಯ ಉಣ್ಣೆ ಕೋಟು. ಕತ್ತಿಗೆ ಮಫ್ಲರ್. ಬೂಟಿಗೆ ಹೊಳೆಯುವ ಪಾಲಿಶ್.

"ಮುಚ್ಚೋ ಹೊತ್ತಾಯ್ತು, ಅಜ್ಜಾ."

"ಟೀ ಬರ್ತಾ ಇದೆ," ಎಂದ ಮುದುಕ.

"ಟೀ ಅಂಗಡಿ ಆಗಲೇ ಮುಚ್ಚಿಬಿಟ್ರಲ್ಲ. ನಿಮ್ಮದು ಯಾವ ಬಸ್ಸು?"

"ಟೀ ಬರ್ತಾ ಇದೆ."

ಕ್ಲೈವ್ ಹೊರಗೆ ಬಂದು ನೋಡಿದ. ಬಸ್ಸು ನಿಲ್ಲುವ ಬಯಲು ಖಾಲಿ. ಬೆಟ್ಟದ ಮೇಲಿಂದ ಮಂಜು ಇಳಿಯುತ್ತಿತ್ತು. ಅವನು ಪೊಲೀಸರಿಗೆ ಫೋನ್ ಮಾಡಿದ.

ಕಣಿವೆಗೆಲ್ಲ ಇರುವ ಪೊಲೀಸು ಎಂದರೆ ಸಾರ್ಜೆಂಟ್ ಹಿಲರಿ ಥ್ವೇಟ್ ಒಬ್ಬಳೇ. ಐವತ್ತು ದಾಟಿದವಳು, ಗಟ್ಟಿ ಆಳು. ಬಂದವಳೇ ಮುದುಕನ ಪಕ್ಕದಲ್ಲಿ ಕೂರಲು ಹೋದಳು. ಅವನು ಕೈ ಅಡ್ಡ ಹಿಡಿದ.

"ಅಲ್ಲಿ ಜನ ಇದ್ದಾರೆ."

"ತಪ್ಪಾಯ್ತು," ಎಂದು ಹಿಲರಿ ನಿಂತೇ ಮಾತಾಡಿಸಿದಳು. "ತಮ್ಮ ಹೆಸರು?"

"ಅವಳನ್ನ ಕೇಳಿ."

"ಯಾರನ್ನ?"

ಮುದುಕ ಅವಳನ್ನು ಕನಿಕರದಿಂದ ನೋಡಿದ. ಇಷ್ಟೂ ಗೊತ್ತಿಲ್ಲವಲ್ಲ ಈ ಹೆಂಗಸಿಗೆ ಎನ್ನುವ ಹಾಗೆ.

ಜೇಬಿನಲ್ಲಿ ಪರ್ಸಿಲ್ಲ. ಬೀಗದ ಕೈಯಿಲ್ಲ. ಒಂದು ಚೂರು ಕಾಗದವೂ ಇಲ್ಲ. ಇದ್ದದ್ದು ಎಣ್ಣೆಕಾಗದದಲ್ಲಿ ಸುತ್ತಿದ ಅರ್ಧ ಸ್ಯಾಂಡ್‌ವಿಚ್. ಅದನ್ನು ಮುಟ್ಟಲು ಹೋದರೆ ಮುಷ್ಟಿ ಬಿಗಿಹಿಡಿದ. "ಅದು ಅವಳದು."

"ದೋಚಿದ್ದಾರೆ ಬಡಪಾಯೀನ," ಎಂದ ಕ್ಲೈವ್. "ಕೆಂಪು ಟೋಪಿಯವನೊಬ್ಬ ಬೆಟ್ಟ ಹತ್ತೋನು ಬಂದಿದ್ದ. ತುಂಬಾ ಹೊತ್ತು ಇವರ ಹತ್ತಿರಾನೇ ಇದ್ದ. ನನಗೆ ಆಗಲೇ ಅನಿಸ್ತು."

"ಅನಿಸಿದಾಗ ಏನು ಮಾಡಿದೆ?"

"ಟಿಕೆಟ್ ಹರೀತಾ ಇದ್ದೆ."

* * *

ಕಣಿವೆಯ ಆಸ್ಪತ್ರೆ ಸಣ್ಣದು. ಹೆರಿಗೆಗೆ, ಮುರಿದ ಕೈಗೆ ಸಾಕು. ಮುದುಕನಿಗೆ ಬಟ್ಟೆ ಬದಲಿಸಿದ ಸಿಸ್ಟರ್ ಡೋರೀನ್ ಹಿಲರಿಯನ್ನು ಪಕ್ಕಕ್ಕೆ ಕರೆದಳು.

"ಕೋಟಿನಲ್ಲಿ ಅಂಗಡಿ ಹೆಸರು ಹೊಲಿದಿರೋ ಪಟ್ಟಿ ಇಲ್ಲ. ಷರ್ಟಿನಲ್ಲಿ ಇಲ್ಲ. ಬನಿಯನ್ನಿನಲ್ಲೂ ಇಲ್ಲ. ಟೋಪಿ ಒಳಗೆ ಹೆಸರು ಬರೆದಿರ್ತಾರಲ್ಲ, ಅದೂ ಇಲ್ಲ. ಯಾವ ಕಳ್ಳ ಬನಿಯನ್ ಪಟ್ಟಿ ಕದೀತಾನೆ, ಹೇಳು?"

ಕದ್ದಿರುವುದು ವಸ್ತುವನ್ನಲ್ಲ, ಮನುಷ್ಯನ ಗುರುತನ್ನು.

"ಎಷ್ಟು ದಿನ ಇಟ್ಟುಕೊಳ್ಳಬಹುದು?"

"ಸೋಮವಾರ ಬೆಳಗ್ಗೆ ನಗರಕ್ಕೆ ಹೋಗೋ ವ್ಯಾನು ಬರುತ್ತೆ. ಅಲ್ಲಿನ ದೊಡ್ಡ ವಾರ್ಡಿಗೆ ಹೋದವರು..." ಡೋರೀನ್ ಮಾತು ನಿಲ್ಲಿಸಿದಳು. "ಅಷ್ಟರೊಳಗೆ ಹೆಸರು ಹುಡುಕು, ಚಿನ್ನ. ಆಮೇಲೆ ಯಾರೂ ಹುಡುಕಲ್ಲ."

ಭಾನುವಾರ ಬೆಳಗ್ಗೆ ಕೆಂಪು ಟೋಪಿಯವನು ಹಳ್ಳಿಯ ಪಬ್ಬಿನಲ್ಲೇ ಸಿಕ್ಕಿದ. ಮೊಟ್ಟೆ, ಬೇಕನ್ನು, ಸಾಸೇಜು ತುಂಬಿದ ತಟ್ಟೆಯ ಹಿಂದೆ ಕೂತಿದ್ದ.

"ದೋಚಿದ್ನಾ? ನಾನಾ?" ಅವನು ಬ್ಯಾಗನ್ನು ಮೇಜಿನ ಮೇಲೆ ಸುರಿದ. ಬರೀ ಕಾಲುಚೀಲ. ಪಕ್ಕದ ಮೇಜಿನವರು ಎದ್ದು ಕಿಟಕಿ ತೆರೆದರು. "ಫ್ಲಾಸ್ಕಿನಿಂದ ಟೀ ಕೊಟ್ಟೆ, ಸಾರ್ಜೆಂಟ್. ಬೇಡ, ಬರ್ತಾ ಇದೆ ಅಂದ್ರು. ಬೆಂಚಿನ ಮೇಲೆ ಕೂರೋಕೂ ಬಿಡಲಿಲ್ಲ. ಕಾಲು ಬೊಬ್ಬೆ ಎದ್ದಿತ್ತು, ನೆಲದ ಮೇಲೇ ಕೂತೆ. ಒಬ್ಬರನ್ನೇ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ. ಆಮೇಲೆ ಮಳೆ ಬಂತು, ಹೋದೆ."

ಸುಳ್ಳು ಹೇಳುವ ಮುಖ ಅಲ್ಲ. ಆ ದಾರಿ ಅಲ್ಲಿಗೆ ಮುಚ್ಚಿತು.

ಸುತ್ತಲಿನ ವೃದ್ಧಾಶ್ರಮಗಳಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಶನಿವಾರ ಮಠಕ್ಕೆ ಮೂರು ಪ್ರವಾಸದ ಬಸ್ಸು ಬಂದಿದ್ದವು: ಸಮುದ್ರತೀರದ ತೋಟಗಾರರದು, ನಗರದ ಮೇಷ್ಟ್ರುಗಳದು, ಥಾರ್ನ್‌ಲೀ ಊರಿನ ಚಾಪೆಲ್ ಎಂಬ ಪುಟ್ಟ ಚರ್ಚಿನವರದು. ಹಿಲರಿ ಮೂವರಿಗೂ ಫೋನ್ ಮಾಡಿದಳು. ಮೂವರೂ ಒಂದೇ ಉತ್ತರ ಕೊಟ್ಟರು. ಹೋದವರೆಲ್ಲ ವಾಪಸ್ ಬಂದಿದ್ದಾರೆ.

* * *

ಮಧ್ಯಾಹ್ನದ ಹೊತ್ತಿಗೆ ಅವಳು ಆಸ್ಪತ್ರೆಗೆ ಮರಳಿದಳು. ಮುದುಕ ಕಿಟಕಿಯ ಪಕ್ಕ ಕೂತಿದ್ದ. ನರ್ಸು ಇಟ್ಟಿದ್ದ ಟೀ ಆರಿ ಕೆನೆಗಟ್ಟಿತ್ತು. ಬಲಗಡೆಯ ಕುರ್ಚಿಯ ಮೇಲೆ ತನ್ನ ಟೋಪಿ ಇಟ್ಟು ಜಾಗ ಹಿಡಿದಿದ್ದ.

ಮಾಡಲು ಬೇರೇನೂ ತೋಚದೆ ಹಿಲರಿ ಕೋಟನ್ನು ಬೆಳಕಿಗೆ ಹಿಡಿದಳು. ಕಾಲರಿನ ಒಳಗೆ ಒಂದು ಚೌಕ ಸುತ್ತಲಿನ ಬಟ್ಟೆಗಿಂತ ಗಾಢವಾಗಿತ್ತು. ಪಟ್ಟಿ ಇದ್ದ ಜಾಗ. ಬೆರಳಾಡಿಸಿದಳು. ಕತ್ತರಿಸಿದ ಅಂಚು ಕೈಗೆ ಸಿಗಲಿಲ್ಲ. ಸೂಜಿ ಚುಚ್ಚಿದ ತೂತೂ ಇಲ್ಲ. ಯಾರೋ ಎಳೆಗೆ ಎಳೆ ಕೂಡಿಸಿ, ಬಟ್ಟೆ ಹುಟ್ಟಿದ್ದೇ ಹಾಗೆ ಎನ್ನುವಂತೆ ಮುಚ್ಚಿದ್ದರು. ಬನಿಯನ್ನಿನಲ್ಲೂ ಅದೇ ಕೈಚಳಕ.

ಹಿಲರಿಗೆ ತನ್ನ ಅಜ್ಜಿಯ ಬೆರಳುಗಳು ನೆನಪಾದವು. ಉಣ್ಣೆ ಗಿರಣಿಯಲ್ಲಿ ಮಗ್ಗದಿಂದ ಬಂದ ಬಟ್ಟೆಯನ್ನು ಕಿಟಕಿಗೆ ಹಿಡಿದು, ತಪ್ಪಿದ ಎಳೆಗಳನ್ನು ಸೂಜಿಯಲ್ಲಿ ಕೂಡಿಸುವವರು ಇರುತ್ತಿದ್ದರು. ಅಜ್ಜಿಯದು ಅದೇ ಕೆಲಸ. ಮನೆಯಲ್ಲಿ ಪರದೆ ಹರಿದರೆ, ಬೇರೆಯವರು ತೇಪೆ ಹಾಕುವ ಕಡೆ ಅವಳು ನೇಯುತ್ತಿದ್ದಳು.

ಕಳ್ಳ ಹೊಲಿಯುವುದಿಲ್ಲ. ಹೊಲಿದರೂ ಹೀಗೆ ಹೊಲಿಯುವುದಿಲ್ಲ.

ತೋಟಗಾರರು, ಮೇಷ್ಟ್ರುಗಳು, ಥಾರ್ನ್‌ಲೀ. ಮೂರರಲ್ಲಿ ಉಣ್ಣೆ ಗಿರಣಿಯ ಊರು ಥಾರ್ನ್‌ಲೀ ಒಂದೇ.

* * *

ಚಾಪೆಲ್ ಪ್ರವಾಸದ ಯಜಮಾನಿ ಮ್ಯೂರಿಯಲ್ ಆಕ್ರಾಯ್ಡ್ ಏಪ್ರನ್ನಿನಲ್ಲೇ ಬಾಗಿಲು ತೆರೆದಳು. ಒಳಗಿಂದ ದನದ ಮಾಂಸ ಬೇಯುವ ವಾಸನೆ.

"ಫೋನಿನಲ್ಲೇ ಹೇಳಿದೆನಲ್ಲ. ನನ್ನ ಬಸ್ಸಿನಿಂದ ಯಾರೂ ತಪ್ಪಿಲ್ಲ. ಒಳಗೆ ಬಾ, ಓವನ್ನಿನಲ್ಲಿ ಪುಡ್ಡಿಂಗ್ ಇದೆ. ಬಾಗಿಲು ಮೆಲ್ಲಗೆ ಹಾಕು, ಉಬ್ಬಿದ್ದು ಇಳಿದುಹೋಗುತ್ತೆ."

"ಹೊರಡೋ ಮುಂಚೆ ಹೇಗೆ ಎಣಿಸ್ತೀರಿ?"

"ಎಣಿಸೋಕೆ ನಾವೇನು ಕುರಿಗಳಾ? ಎಲ್ಲರದೂ ಹೋಗೋವಾಗ ಕೂತ ಸೀಟೇ ಬರೋವಾಗ್ಲೂ. ನಾನು ಎದ್ದು ನಿಂತು ಕೇಳ್ತೀನಿ, ಪಕ್ಕದವರು ಬಂದಿಲ್ಲ ಅನ್ನೋರು ಕೈ ಎತ್ತಿ ಅಂತ. ನಮ್ಮಮ್ಮನ ಕಾಲದಿಂದ ಹೀಗೇ."

"ನಿನ್ನೆ ಯಾರೂ ಎತ್ತಲಿಲ್ಲ."

"ಎತ್ತಲಿಲ್ಲ."

"ಪಕ್ಕದವರನ್ನ ಬಿಟ್ಟು ಬಂದವರೇ ಕೈ ಎತ್ತದೇ ಇದ್ದರೆ?"

ಮ್ಯೂರಿಯಲ್ ನಕ್ಕಳು. "ಬಿಟ್ಟು ಬರ್ತಾರಾ ಯಾರಾದ್ರೂ? ಬೇಕು ಅಂತ?" ಆಮೇಲೆ ನಗು ನಿಂತಿತು.

"ಗಿರಣೀಲಿ ಎಳೆ ಕೂಡಿಸೋ ಕೆಲಸದಲ್ಲಿದ್ದವರು. ಗಂಡನ ಜೊತೆ ಬಂದವರು. ಗಂಡ ಕಿಟಕಿ ಕಡೆ, ಹೆಂಡತಿ ಬಲಗಡೆ. ಯಾರವರು?" ಎಂದಳು ಹಿಲರಿ.

ಮ್ಯೂರಿಯಲ್ ಕುರ್ಚಿ ಎಳೆದುಕೊಂಡು ಕೂತಳು.

"ನೆಲ್ಲಿ. ನೆಲ್ಲಿ ಹೋಲ್ಡ್ಸ್‌ವರ್ತ್. ಕೊನೇ ಸಾಲಿನಲ್ಲಿ ಕೂತಿದ್ಲು. ಕಿಟಕಿ ಕಡೆ ಕಂಬಳಿ ಹೊದ್ದು ಆರ್ನಲ್ಡ್ ಮಲಗಿದ್ದ. ಮಲಗಿದಾನೆ ಅಂತ ಅವಳಂದ್ಲು. ಬರೋವಾಗ ನಾವು ಹಾಡ್ತೀವಿ, ಯಾವಾಗ್ಲೂ. ನಿನ್ನೆ ಹಾಡಲಿಲ್ಲ. ಅವನಿಗೆ ಎಚ್ಚರ ಆಗದಿರಲಿ ಅಂತ ಇಡೀ ಬಸ್ಸು ಪಿಸುಮಾತಲ್ಲಿ ಬಂತು." ಅವಳು ಏಪ್ರನ್ನಿನಿಂದ ಬಾಯಿ ಒರೆಸಿಕೊಂಡಳು. "ಕೊನೆಗೆ ಇಳಿದ್ಲು. ಕತ್ತಲಾಗಿತ್ತು. ನಾವೆಲ್ಲ ಆಗಲೇ ಮನೆ ಕಡೆ ನಡೆದಿದ್ವಿ. ಕಂಬಳಿ ಕೆಳಗೆ ಏನಿತ್ತು, ಸಾರ್ಜೆಂಟ್?"

"ಕೈಚೀಲ ಇರಬೇಕು."

ಓವನ್ನಿನಿಂದ ಸುಟ್ಟ ವಾಸನೆ ಬಂತು. ಮ್ಯೂರಿಯಲ್ ಏಳಲಿಲ್ಲ.

* * *

ನೆಲ್ಲಿಯದು ಗಿರಣಿಯ ಬೆನ್ನಿಗಿದ್ದ ಸಾಲುಮನೆ. ಗಿರಣಿ ಮುಚ್ಚಿ ಕೆಲವು ವರ್ಷಗಳಾಗಿದ್ದವು. ಬಾಗಿಲು ತೆರೆದ ಹೆಂಗಸು ಸಣ್ಣ ಆಳು, ಬಿಳಿಚಿಕೊಂಡಿದ್ದಳು. ಮನೆಯೊಳಗೂ ಕೋಟು, ಟೋಪಿ ಹಾಕಿಯೇ ಇದ್ದಳು. ಬಾಗಿಲ ಪಕ್ಕ ಒಂದು ಸಣ್ಣ ಪೆಟ್ಟಿಗೆ ಸಿದ್ಧವಾಗಿತ್ತು.

"ಕಾಲು ಒರೆಸಿಕೊಂಡು ಬನ್ನಿ," ಎಂದಳು. ಕೆಟಲ್ ಹಾಕಿದಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ಅವನು ತಿಂದನಾ?"

"ಅರ್ಧ. ಇನ್ನರ್ಧ ಯಾರಿಗೂ ಕೊಡ್ತಿಲ್ಲ. ನಿಮ್ಮದಂತೆ."

ನೆಲ್ಲಿ ಒಲೆಯ ಅಂಚು ಹಿಡಿದುಕೊಂಡಳು.

"ಹೇಗೆ ಗೊತ್ತಾಯ್ತು?"

"ಪಟ್ಟಿ ಕತ್ತರಿಸಿದ ಜಾಗ ಮುಚ್ಚಿದ್ದೀರಲ್ಲ. ಆ ಕೈ ಗಿರಣಿ ಊರಿನದು. ಪಕ್ಕದ ಜಾಗ ಅವರು ಬಿಟ್ಟುಕೊಡ್ತಿರಲಿಲ್ಲ, ಟೀ ಬರುತ್ತೆ ಅಂತಿದ್ರು. ಅಂದರೆ ಕರ್ಕೊಂಡು ಬಂದವರು ಕಳ್ಳರಲ್ಲ, ಮನೆಯವರು. ಬಸ್ಸಿನಲ್ಲಿ ಯಾರೂ ಕೈ ಎತ್ತಲಿಲ್ಲ. ಎತ್ತಬೇಕಾದವರು ಒಬ್ಬರೇ ಇದ್ರು."

"ಹೊಲೀಬಾರದಿತ್ತು," ಎಂದಳು ನೆಲ್ಲಿ.

"ಯಾಕೆ ಹೊಲಿದ್ರಿ?"

"ಕತ್ತು ಕೆರೀತಿತ್ತು ಅವನಿಗೆ. ಅಲ್ಲದೆ, ಎಳೆ ಬಿಟ್ಟ ಕೋಟು ಹಾಕಿ ಗಂಡನ್ನ ಹೊರಗೆ ಕಳಿಸಲಾ? ನೋಡಿದವರು ಏನಂತಾರೆ?"

ಅವಳು ಹಿಲರಿಗೆ ಟೀ ಕೊಟ್ಟಳು. ತಾನು ತೆಗೆದುಕೊಳ್ಳಲಿಲ್ಲ.

"ನನಗೆ ನಾಳೆ ಬೆಳಗ್ಗೆ ಆಪರೇಷನ್. ಹೊಟ್ಟೇಲಿ ಗಡ್ಡೆ. ಇವತ್ತು ಮಧ್ಯಾಹ್ನದಿಂದ ಏನೂ ತಿನ್ನಬಾರದಂತೆ. ತಿಂದರೆ ಮಾಡಲ್ಲ, ಮತ್ತೆ ಯಾವಾಗಲೋ. ಅಷ್ಟು ದಿನ ಇದು ಕಾಯಲ್ಲ ಅಂದಿದ್ದಾರೆ ಡಾಕ್ಟರು." ಹೊಟ್ಟೆಯ ಮೇಲೆ ಕೈಯಿಟ್ಟಳು. "ಮನೇಲಿ ಯಾರಿದ್ದಾರೆ ಅಂತ ಅಲ್ಲಿ ಕೇಳಿದ್ರು. ಗಂಡ ಅಂದೆ. ಒಳ್ಳೇದಾಯ್ತು, ಅವರು ನಿಮ್ಮನ್ನ ನೋಡ್ಕೋತಾರೆ ಅಂದ್ರು."

ಹಿಲರಿ ಟೀ ಲೋಟವನ್ನು ಮೇಜಿನ ಮೇಲಿಟ್ಟಳು.

"ಅವನನ್ನ ಎಲ್ಲಾದ್ರೂ ಇಡಿ ಅಂತ ವೃದ್ಧಾಶ್ರಮದ ಜಾಗ ಹಂಚೋ ಕಚೇರಿಗೆ ಹೋದೆ. ಹೆಂಡತಿ ಇದ್ದೀರಲ್ಲ, ವಸಂತದವರೆಗೆ ಕಾಯಿರಿ ಅಂದ್ರು. ಯಾರೂ ಇಲ್ಲದವರಿಗೆ ಮೊದಲು ಜಾಗ, ಅವರಿಗೆ ಅವತ್ತೇ ಸಿಗುತ್ತಂತೆ. ಸರಿ ಅಂತ ಅವನನ್ನ ಯಾರೂ ಇಲ್ಲದವನನ್ನಾಗಿ ಮಾಡಿದೆ."

"ಆ ಕೋಣೇಲೇ ಯಾಕೆ?"

"ಅಲ್ಲಿ ಗಾಳಿ ಬೀಸಲ್ಲ. ಮದುವೆಗೆ ಮುಂಚೆ ಸೈಕಲ್ ಹೊಡ್ಕೊಂಡು ಹೋಗ್ತಿದ್ವಿ. ಟೀ ತರ್ತೀನಿ ಕೂತಿರು ಅಂದೆ. ಅವನು ಕೂರ್ತಾನೆ. ನಾನು ಹೇಳಿದ್ರೆ ಕೂರ್ತಾನೆ."

"ಆಮೇಲೆ ಹೋಗಿ ಕರ್ಕೊಂಡು ಬರ್ತಿದ್ರಾ?"

"ಬದುಕಿದ್ರೆ."

"ಇಲ್ಲದಿದ್ರೆ?"

"ಕಾಯ್ತಿದ್ದ."

ಹಿಲರಿ ಎದ್ದು ಆ ಮನೆಯ ಫೋನಿನಿಂದಲೇ ಆ ಕಚೇರಿಗೆ ಕರೆ ಮಾಡಿದಳು. ಭಾನುವಾರ. ಗಂಟೆ ಹೊಡೆಯುತ್ತಲೇ ಇತ್ತು. ಇನ್ನೊಂದು ಕಚೇರಿಗೆ ಮಾಡಿದಳು. ಅಲ್ಲೂ ಅದೇ ಗಂಟೆ. ಅವಳು ಹೆಸರು ಹುಡುಕಲು ಹೊರಟವಳು. ಹೆಸರು ಸಿಕ್ಕಿತ್ತು. ಸಿಗದಿದ್ದರೆ ಮುದುಕನಿಗೆ ನಗರದ ವ್ಯಾನು. ಸಿಕ್ಕಿದ್ದರಿಂದ ಅವನು ಹೆಂಡತಿ ಇರುವವನು, ಎಲ್ಲೂ ಜಾಗ ಸಿಗದವನು.

"ನನ್ನನ್ನ ಹಿಡ್ಕೊಂಡು ಹೋಗ್ತೀರಾ?" ಎಂದಳು ನೆಲ್ಲಿ. "ಹೋಗೋದಾದ್ರೆ ಒಂದು ಸಲ ಅವನನ್ನ ನೋಡಿಕೊಂಡು ಹೋಗೋಣ. ಫ್ಲಾಸ್ಕು ತುಂಬಿಸ್ತೀನಿ."

* * *

"ಹೆಸರು?" ಎಂದು ಡೋರೀನ್ ಬಾಗಿಲಲ್ಲೇ ಕೇಳಿದಳು.

"ಆರ್ನಲ್ಡ್ ಹೋಲ್ಡ್ಸ್‌ವರ್ತ್. ಇವರು ಹೆಂಡತಿ."

"ದೇವರು ದೊಡ್ಡವನು. ಹಾಗಾದ್ರೆ ವ್ಯಾನು ಬೇಡ. ಬೆಳಗ್ಗೆ ಮನೆಗೆ ಕರ್ಕೊಂಡು ಹೋಗಬಹುದು, ಅಮ್ಮಾ."

ನೆಲ್ಲಿ ತಲೆಯಾಡಿಸಿ ವಾರ್ಡಿನೊಳಗೆ ಹೋದಳು. ಹಿಲರಿ ಡೋರೀನಿಗೆ ಮೆಲ್ಲಗೆ ಎಲ್ಲ ಹೇಳಿದಳು. ಸಿಸ್ಟರಿನ ಮುಖ ಸಪ್ಪಗಾಯಿತು.

"ಮನೆಯವರು ಇರೋರನ್ನ ಇಟ್ಕೊಳ್ಳೋ ಹಾಗಿಲ್ಲ ನನಗೆ. ಈ ಹಾಸಿಗೆಗೆ ನಾಳೆ ಬೇರೆಯವರು ಬರ್ತಾರೆ. ನಾನೇನು ಮಾಡೋಕಾಗುತ್ತೆ, ಹಿಲರಿ?"

"ನಾನೂ ನನ್ನನ್ನ ಅದನ್ನೇ ಕೇಳ್ಕೋತಿದ್ದೀನಿ."

ಕಿಟಕಿಯ ಬಳಿ ಆರ್ನಲ್ಡ್ ತಲೆಯೆತ್ತಿದ. ಕುರ್ಚಿಯ ಮೇಲಿನ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ನೆಲ್ಲಿ ಕೂತಳು. ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಕೊಟ್ಟಳು. ನಿನ್ನೆಯಿಂದ ಯಾರ ಕೈಯಿಂದಲೂ ಟೀ ಮುಟ್ಟದವನು ಒಂದೇ ಉಸಿರಿಗೆ ಕುಡಿದ.

"ಕ್ಯೂ ಇತ್ತಾ?"

"ಇತ್ತು ಕಣೋ. ಬಾಗಿಲ ತನಕ ಇತ್ತು."

"ಹೋಗಲಿ ಬಿಡು. ಬಂದ್ಯಲ್ಲ."

ಆಸ್ಪತ್ರೆಯ ಅಂಗಿಯ ಜೇಬಿನಿಂದ ಎಣ್ಣೆಕಾಗದ ತೆಗೆದು, ಬಿಡಿಸಿ, ಮುದುರಿದ ಅರ್ಧ ಸ್ಯಾಂಡ್‌ವಿಚ್ಚನ್ನು ಅವಳ ಮುಂದೆ ಹಿಡಿದ. "ತಿನ್ನು. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು."

ಹಿಲರಿ ತಡೆಯಲು ಒಂದು ಹೆಜ್ಜೆ ಮುಂದಿಟ್ಟಳು. ಏನು ಹೇಳಿ ತಡೆಯುವುದು? ನಿಂತುಬಿಟ್ಟಳು.

ನೆಲ್ಲಿ ಗಂಡನ ಮುಖ ನೋಡಿದಳು. ಆಮೇಲೆ ಸ್ಯಾಂಡ್‌ವಿಚ್ ತೆಗೆದುಕೊಂಡು, ಅವಸರವಿಲ್ಲದೆ, ಪೂರ್ತಿ ತಿಂದಳು.

"ಸಾಸಿವೆ ಸ್ವಲ್ಪ ಜಾಸ್ತಿ ಆಯ್ತು," ಎಂದಳು.